ಸೂಪಾ ಊರನ್ನು ಮರೆತ ಕಾಳಿ ಪ್ರವಾಸ

ಗಣೇಶಗುಡಿಯಲ್ಲಿ ಲೈಫ್ ಜಾಕೆಟ್ ತೊಟ್ಟು ರಾಫ್ಟಿಂಗ್‌ಗೆ ಇಳಿಯುವವರು ಕಾಳಿಯನ್ನು ಪಳಗದ ಕಾಡುನದಿ ಎಂದೇ ನಂಬಿರುತ್ತಾರೆ. ಆದರೆ ಅಲ್ಲಿನ ರಭಸ ನಿಂತಿರುವುದು ಸೂಪಾ ಅಣೆಕಟ್ಟಿನ ಬುಡದ ವಿದ್ಯುದಾಗಾರದ ಮೇಲೆ. ಟರ್ಬೈನ್ ತಿರುಗಿಸಿ ಹೊರಬಿದ್ದ ನೀರೇ ಇವರ ದೋಣಿಯನ್ನು ಬಂಡೆಗಳ ನಡುವೆ ಹೊತ್ತೊಯ್ಯುತ್ತದೆ. ಮಲೆನಾಡಿನ ಎಷ್ಟೋ ಹೊಳೆಗಳು ಬಡಕಲಾಗುವ ಏಪ್ರಿಲ್‌ನಲ್ಲೂ ಇಲ್ಲಿ ನೊರೆಯೇಳುವುದಕ್ಕೆ ಕಾರಣ ಇದೇ. 101 ಮೀಟರ್ ಎತ್ತರದ ಆ ಗೋಡೆಯ ಹಿಂದೆ ಸುಮಾರು 145 ಟಿಎಂಸಿ ನೀರು ನಿಲ್ಲಬಲ್ಲದು. ಆ ನೀರಿನಡಿ ಸೂಪಾ ಎಂಬ ಊರೇ ಇದೆ. ಕಾಳಿ ಮತ್ತು ಪಾಂಡರಿ ಹೊಳೆ ಕೂಡುವಲ್ಲಿದ್ದ ಆ ಊರು ತಾಲ್ಲೂಕು ಕೇಂದ್ರವಾಗಿತ್ತು. ಮುಳುಗಡೆಯಿಂದ ಕಚೇರಿಗಳು ಜೊಯಿಡಾಕ್ಕೆ ಹೋದವು, ಜನರಲ್ಲಿ ಬಹಳಷ್ಟು ಮಂದಿ ರಾಮನಗರಕ್ಕೆ. ಪ್ರವಾಸಿಗೆ ಇದನ್ನು ಹೇಳುವವರು ಯಾರೂ ಇಲ್ಲದಂತಾದರೆ ನಾವು ಅವನಿಗೆ ಅರ್ಧ ನದಿಯನ್ನಷ್ಟೇ ತೋರಿಸಿ ಪೂರ್ತಿ ದುಡ್ಡು ತೆಗೆದುಕೊಂಡಂತೆ.

ಇಲ್ಲಿ ಇತಿಹಾಸ ಪ್ರವಾಸದ ಪಕ್ಕದ ವಿಷಯವಲ್ಲ, ಪ್ರವಾಸವನ್ನು ಹುಟ್ಟಿಸಿದ ವಿಷಯ. ಡಿಗ್ಗಿಯ ಬಳಿ ಹುಟ್ಟಿ ಕಾರವಾರದ ಸದಾಶಿವಗಡದ ಬುಡದಲ್ಲಿ ಕಡಲು ಸೇರುವ ಈ 184 ಕಿಲೋಮೀಟರ್ ನದಿಯನ್ನು ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾಗಳಲ್ಲಿ ತಡೆದು ನಿಲ್ಲಿಸಲಾಗಿದೆ. ಅದರ ದಂಡೆಯಲ್ಲೇ ದಾಂಡೇಲಿಯ ಕಾಗದ ಕಾರ್ಖಾನೆ, ಕೈಗಾದ ಅಣು ಸ್ಥಾವರ. ನಾಡಿಗೆ ಬೆಳಕು ಕೊಟ್ಟ ನದಿ ಎಂದು ಭಾಷಣದಲ್ಲಿ ಹೊಗಳುವವರು ಇದ್ದಾರೆ (ಭಾಷಣಕ್ಕೆ ಕರೆಂಟು ಬೇಕಲ್ಲ), ಆ ಬೆಳಕಿಗೆ ಮನೆ ಬಿಟ್ಟವರ ವಿವರ ಮಾತ್ರ ನದಿ ದಂಡೆಯ ಒಂದು ಸರಿಯಾದ ಫಲಕದಲ್ಲಾದರೂ ಇರಬೇಡವೇ?

ರಜೆಯಲ್ಲಿ ಖುಷಿಗೆ ಬಂದವರ ಮುಂದೆ ಮುಳುಗಡೆಯ ಗೋಳೇಕೆ ಎಂದು ರೆಸಾರ್ಟ್‌ನವರು ಕೇಳಬಹುದು. ಅವರ ಆತಂಕ ಸುಳ್ಳಲ್ಲ. ಈ ಭಾಗದ ಅನೇಕ ಯುವಕರ ಅನ್ನ ಈ ದಂಧೆಯಲ್ಲಿದೆ. ಆದರೆ ಹಂಪಿಗೆ ಹೋಗುವವರು ಹಾಳಾದ ಪಟ್ಟಣವನ್ನು ನೋಡಲೆಂದೇ ಹೋಗುತ್ತಾರೆ, ಅದರಿಂದ ಅವರ ರಜೆಯೇನೂ ಕೆಡುವುದಿಲ್ಲ. ಜೊಯಿಡಾದ ಗಡ್ಡೆ ಗೆಣಸು ಮೇಳವನ್ನೇ ನೋಡಿ: ಕುಣಬಿ ರೈತರು ಬೆಳೆದ ಗಡ್ಡೆಗಳನ್ನು ನೋಡಲು, ಕೊಳ್ಳಲು ಹೊರಗಿನಿಂದ ಜನ ಬರುತ್ತಾರೆ. ನೆಲದ ಕಥೆಗೆ ಗಿರಾಕಿ ಇಲ್ಲವೆಂಬುದು ಸೋಮಾರಿತನದ ಲೆಕ್ಕ. ಕಥೆ ಹೇಳುವ ಕೆಲಸ ರಾಮನಗರದ, ಜೊಯಿಡಾದ ಹುಡುಗ ಹುಡುಗಿಯರ ಕೈಗೆ ಬಂದರೆ ದೋಣಿಗೆ ಹುಟ್ಟು ಹಾಕುವುದರಾಚೆಗೂ ಅವರಿಗೆ ಒಂದು ದುಡಿಮೆ ಸಿಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಪರಿಸರದವರದು. ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಇನ್ನಷ್ಟು ಜನರನ್ನು ಕರೆಯುವುದು ಕಾಡಿಗೆ ಕೇಡು ಎನ್ನುತ್ತಾರೆ ಅವರು. ಒಪ್ಪಲೇಬೇಕಾದ ಮಾತು. ಆದರೆ ನಾನು ಕೇಳುತ್ತಿರುವುದು ಹೆಚ್ಚು ಜೀಪು, ಹೆಚ್ಚು ದೋಣಿಗಳನ್ನಲ್ಲ. ಈಗಾಗಲೇ ಬರುವವರು ಒಂದು ಗಳಿಗೆ ಊರಲ್ಲಿ ಕೂತು ಕೇಳುವ, ನೋಡುವ ವ್ಯವಸ್ಥೆ ಸಾಕು. ಅದು ಕಾಡಿನ ಮೇಲಿನ ಒತ್ತಡವನ್ನು ತುಸು ಇಳಿಸೀತೇ ಹೊರತು ಏರಿಸದು. ಇದಕ್ಕೆ ದೊಡ್ಡ ಕಟ್ಟಡವೂ ಬೇಡ. ಭೂಸ್ವಾಧೀನವಾದಾಗ ಮನೆ, ಗದ್ದೆ, ತೋಟಗಳನ್ನು ಅಳೆದು ಬರೆದಿಟ್ಟ ಕಡತಗಳನ್ನು ಹುಡುಕಿ ತೆಗೆದು, ಹಳೆಯ ಸೂಪಾದ ನಕ್ಷೆಯನ್ನು ಗಣೇಶಗುಡಿಯಲ್ಲಿ ತೂಗುಹಾಕುವುದರಿಂದ ಶುರುಮಾಡಬಹುದು. ಅವಸರ ಇರುವುದು ಇನ್ನೊಂದು ಕೆಲಸಕ್ಕೆ. ಆ ಪೇಟೆಯಲ್ಲಿ ಸಂಸಾರ ಹೂಡಿ ಬಾಳಿದವರು ಈಗ ಮುಪ್ಪಿನಲ್ಲಿದ್ದಾರೆ. ಯಾವ ಓಣಿಯಲ್ಲಿ ಯಾರ ಅಂಗಡಿ ಇತ್ತು ಎಂಬುದು ಕಡತದಲ್ಲಿ ಸಿಗುವುದಿಲ್ಲ. ಅವರ ಮಾತಿನ ದಾಖಲೆ ಮೊದಲಾಗಲಿ, ಫಲಕ ಆಮೇಲೆ.