ಹಿಂಗಾಜಿನ ಜಗಳ

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕಾರು ಗೀಚದ ಮಕ್ಕಳು ಕಡಿಮೆ. ಚೂಪು ಮೂತಿ, ಇಳಿಜಾರು ಬೆನ್ನು ಎಲ್ಲ ಇರುತ್ತವೆ. ಕಾರಿನಡಿ ಏನಿದೆ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯಲ್ಲಿ ಇದೇ ಮೇಲು-ಕೆಳಗಿನ ನಡುವೆ ಒಮ್ಮೆ ದೊಡ್ಡ ಜಗಳವೇ ನಡೆಯಿತು.

ಒಂದು ಕಡೆ ವಿನ್ಯಾಸ ವಿಭಾಗದ ಮುಖ್ಯಸ್ಥ ಬಿಲ್ ಮಿಚೆಲ್. ಇನ್ನೊಂದು ಕಡೆ ಎಂಜಿನಿಯರ್ ಝೋರಾ ಆರ್ಕಸ್-ಡಂಟೋವ್. ಇವರು 1953ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಮೊದಲ ಕಾರ್ವೆಟ್ ಕಂಡು, ಕಂಪೆನಿಗೆ ಪತ್ರ ಬರೆದು ಕೆಲಸ ಗಿಟ್ಟಿಸಿದವರು. ಜಗಳಕ್ಕೆ ಕಾರಣ 1963ರ ಮಾದರಿಯ ಷೆವರ್ಲೆ ಕಾರ್ವೆಟ್ ಸ್ಟಿಂಗ್ ರೇ.

ಸ್ಟಿಂಗ್ ರೇ ಎಂದರೆ ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು, ನಮ್ಮ ಕರಾವಳಿಯವರ ತೊರಕೆ. ಬಾನೆಟ್ಟಿನಿಂದ ಬಾಲದ ತನಕ ಹರಿಯುವ ಏಣು, ಮೀನಿನ ಬೆನ್ನೆಲುಬಿನ ಹಾಗೆ, ಹಿಂಗಾಜನ್ನೂ ಎರಡಾಗಿ ಸೀಳಿಕೊಂಡು ಹೋಗಬೇಕೆಂದು ಮಿಚೆಲ್ ಹಟ ಹಿಡಿದರು. ಕನ್ನಡಿ ನೋಡಿದರೆ ಹಿಂದಿನ ವಾಹನದ ಬದಲು ಪಟ್ಟಿಯೇ ಕಾಣುತ್ತದಲ್ಲ ಎಂಬುದು ಡಂಟೋವ್ ತಕರಾರು. ಗೆದ್ದದ್ದು ಮಿಚೆಲ್. ಆದರೆ ಒಂದೇ ವರ್ಷ! 1964ರ ಮಾದರಿಯಲ್ಲಿ ಪಟ್ಟಿ ಹೋಗಿ ಒಂಟಿ ಗಾಜು ಬಂತು. ಬಾನೆಟ್ ಮೇಲೆ ಅಂದಕ್ಕೆಂದು ಕೂರಿಸಿದ್ದ, ಗಾಳಿಯೇ ನುಸುಳದ ಸುಳ್ಳು ಜಾಲರಿಗಳೂ ಹೋದವು.

ಡಂಟೋವ್ ಕೆಲಸವೆಲ್ಲ ಕಾರಿನ ಹೊಟ್ಟೆಯ ಕೆಳಗೆ. ಹಳೆಯ ಕಾರ್ವೆಟ್‌ಗಳಲ್ಲಿ ಎರಡೂ ಹಿಂಚಕ್ರಗಳಿಗೆ ಒಂದೇ ಗಟ್ಟಿ ಆಕ್ಸಲ್. ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದೂ ವಾಲುತ್ತದೆ, ರಸ್ತೆಯ ಹಿಡಿತ ಸಡಿಲುತ್ತದೆ. ಹೊಸ ಕಾರಿನಲ್ಲಿ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಭಾರದ ಪೆಟ್ಟಿಗೆಯನ್ನು ಚಾಸಿಗೇ ಬಿಗಿದು, ಪ್ರತಿ ಚಕ್ರವೂ ತನ್ನಷ್ಟಕ್ಕೆ ಏರಿಳಿಯುವಂತೆ ಮಾಡಿದರು. ಸುರುಳಿ ಸ್ಪ್ರಿಂಗಿಗೆ ಜಾಗವಿರಲಿಲ್ಲ. ಲಾರಿಗಳಲ್ಲಿ ಬಾಗಿದ ಉಕ್ಕಿನ ಪಟ್ಟಿಗಳ ಕಂತೆ ಉದ್ದಕ್ಕೆ ಇರುತ್ತದಲ್ಲ, ಅಂಥದೊಂದನ್ನು, ಒಂಬತ್ತು ಪಟ್ಟಿಗಳದ್ದು, ಅಡ್ಡಕ್ಕೆ ಮಲಗಿಸಿದರು. ಇನ್ನೂ ಜಾಣತನ ನೋಡಿ: ಚಕ್ರಕ್ಕೆ ಶಕ್ತಿ ಒಯ್ಯುವ ದಂಡವೇ ಚಕ್ರವನ್ನು ನೆಟ್ಟಗೆ ಹಿಡಿಯುವ ತೋಳೂ ಆಯಿತು. ಒಂದು ಬಿಡಿಭಾಗ, ಎರಡು ಕೆಲಸ. ನನ್ನ ಕಣ್ಣಿಗೆ ಈ ಕಾರಿನ ಅತಿ ಚೆಲುವಾದ ಭಾಗ ಇದೇ. ನೋಡಬೇಕಾದರೆ ಮಾತ್ರ ಕಾರಿನಡಿ ತೂರಬೇಕು.

ಮೇಲಿನ ಚೆಲುವಿಗೆ ಬೇರೆ ಐಬುಗಳೂ ಇದ್ದವು. ಗಾಳಿಯನ್ನು ಸೀಳುವಂತೆ ಕಂಡ ಆ ಮೂತಿ ಅತಿ ವೇಗದಲ್ಲಿ ಮೇಲಕ್ಕೇಳಲು ನೋಡುತ್ತಿತ್ತು. ಹಿಂದೆ ಡಿಕ್ಕಿಗೆ ಬಾಗಿಲೇ ಇಲ್ಲ. ಪೆಟ್ಟಿಗೆ ಇಡಬೇಕಾದರೆ ಸೀಟು ಬಗ್ಗಿಸಿ ಒಳಗಿನಿಂದ ತುರುಕಬೇಕು! ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂದದ್ದು 1965ರಲ್ಲಿ.

ಸೀಳುಗಾಜಿನ ಕಾರುಗಳು ತಯಾರಾದದ್ದು 10,594 ಮಾತ್ರ. ಮರುವರ್ಷದ ಒಂಟಿ ಗಾಜು ಕಂಡ ಕೆಲವು ಮಾಲೀಕರು ತಮ್ಮ ಕಾರಿನ ಪಟ್ಟಿಯನ್ನೂ ಕತ್ತರಿಸಿಹಾಕಿ ಹೊಸ ಗಾಜು ಕೂರಿಸಿಕೊಂಡರು. ಡಂಟೋವ್ ಹೇಳಿದ್ದು ಸರಿ, ಹಿಂದಿನ ರಸ್ತೆ ಚೆನ್ನಾಗಿ ಕಂಡಿತು. ಆದರೆ ಇವತ್ತು ಹಳೆಯ ಕಾರು ಕೂಡಿಡುವವರು ಹೆಚ್ಚು ಬೆಲೆ ತೆತ್ತು ಹುಡುಕುವುದು ಆ ಪಟ್ಟಿ ಉಳಿದಿರುವ ಕಾರನ್ನೇ.