ಹೆಲಿಪ್ಯಾಡಿನ ಹಗ್ಗ ಯಾರಿಗಾಗಿ?

ಚುನಾವಣೆ ಬಂದರೆ ನಮ್ಮೂರ ಶಾಲೆ ಮೈದಾನಗಳೇ ಹೆಲಿಪ್ಯಾಡ್. ಹಗ್ಗ ಕಟ್ಟಿ, ಲಾಠಿ ತೋರಿಸಿ ಜನರನ್ನು ಹಿಂದಕ್ಕೆ ತಳ್ಳುತ್ತಾರೆ. ಯಾಕೆ ಹಿಂದೆ ಸರಿಯಬೇಕೆಂದು ಯಾರೂ ಹೇಳುವುದಿಲ್ಲ. ನಾಯಕರು ಕಾರು ಹತ್ತಿದರೆ ಕಾವಲೂ ಅವರ ಹಿಂದೆಯೇ. ಆಮೇಲೆ ಹುಡುಗರು ಸೆಲ್ಫಿಗೆ ನುಗ್ಗುತ್ತಾರೆ.

2023ರ ಮಾರ್ಚಿನಲ್ಲಿ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಪ್ಲಾಸ್ಟಿಕ್ ಚೀಲಗಳು ಹಾರಾಡಿ, ಪೈಲಟ್ ಮತ್ತೆ ಮೇಲಕ್ಕೇರಬೇಕಾಯಿತು. ಮರುತಿಂಗಳೇ ಕೇದಾರನಾಥದಲ್ಲಿ ಬಾಲದ ರೆಕ್ಕೆ ತಗುಲಿ ಅಧಿಕಾರಿಯೊಬ್ಬರು ಸತ್ತರು. ಅವರು ಆ ರಾಜ್ಯದ ವಿಮಾನಯಾನ ಪ್ರಾಧಿಕಾರದವರೇ. ಇನ್ನು ನಮ್ಮ ಹುಡುಗರಿಗೇನು ಗೊತ್ತು?

ತಿರುಗುವಾಗ ಬಾಲದ ರೆಕ್ಕೆ ಕಣ್ಣಿಗೆ ಕಾಣುವುದೇ ಕಷ್ಟ. ಮೇಲಿನ ದೊಡ್ಡ ರೆಕ್ಕೆಯ ತುದಿ ವೇಗ ತಗ್ಗಿದಂತೆ ಕೆಳಕ್ಕೆ ಬಾಗುತ್ತದೆ, ಗಾಳಿ ಬೀಸಿದರೆ ಇನ್ನೂ ಕೆಳಕ್ಕೆ. ‘ನಿಲ್ತಾ ಇದೆಯಲ್ಲ’ ಎಂದು ನಾವು ಓಡುವ ಹೊತ್ತೇ ಅಪಾಯದ್ದು. ಟವೆಲ್, ಟೋಪಿ ಹಾರಿದರೆ ಹಾರಲಿ, ಬೆನ್ನಟ್ಟಬಾರದು. ಹೋಗಲೇಬೇಕಾದವರು ಪೈಲಟ್ ಸನ್ನೆ ಮಾಡಿದ ಮೇಲೆ, ಅವರಿಗೆ ಕಾಣುವಂತೆ ಮುಂದಿನಿಂದ, ತಲೆ ತಗ್ಗಿಸಿ ಹೋಗಬೇಕು. ದಿಣ್ಣೆಯ ಕಡೆಯಿಂದ ಇಳಿದು ಬರುವುದಂತೂ ಬೇಡವೇ ಬೇಡ.

ಬೆಳಗಿನಿಂದ ‘ಇನ್ನೇನು ಬಂದೇಬಿಟ್ಟರು’ ಎಂದು ಅರಚುವ ಮೈಕಿಗೆ ಇಷ್ಟು ಹೇಳಲು ಎರಡು ನಿಮಿಷವಿಲ್ಲವೇ? ‘ಕಾಪ್ಟರ್ ನೋಡಲು ಮುಗಿಬಿದ್ದ ಜನ’ ಎಂದು ಬರೆಯುವ ವರದಿಗಾರ ಗೆಳೆಯರೇ, ಮುಂದಿನ ಸಲ ರೆಕ್ಕೆ ಪೂರ್ತಿ ನಿಲ್ಲುವ ತನಕ ಹಗ್ಗದ ಬಳಿ ಯಾರಿದ್ದರು ಎಂದು ತಹಶೀಲ್ದಾರರನ್ನು ಕೇಳಿ, ಹೆಸರು ಸಮೇತ ಬರೆಯಿರಿ.