ಚುರುಕು ಚಿಕ್ಕ ಕಾರಿಗೆ ಸಿಸಿಯ ಗೆರೆ ಯಾಕೆ?

ಟೊಯೋಟಾ ಕಂಪನಿ ಬಿಡದಿಯ ಕಾರ್ಖಾನೆಯಲ್ಲಿ ತಯಾರಿಸಿದ ಎಟಿಯೋಸ್ ಲಿವಾ 2011ರಲ್ಲಿ ರಸ್ತೆಗಿಳಿಯಿತು. 1,197 ಸಿಸಿಯ ಎಂಜಿನ್, 80 ಅಶ್ವಶಕ್ತಿ. 2013ರಲ್ಲಿ ಅದೇ ಮೈಕಟ್ಟಿಗೆ 1,496 ಸಿಸಿಯ ಎಂಜಿನ್ ಕೂರಿಸಿ, ಟಿಆರ್‌ಡಿ ಸ್ಪೋರ್ಟಿವೊ ಎಂಬ ಹೆಸರಿನಲ್ಲಿ 90 ಅಶ್ವಶಕ್ತಿಯ ಕಾರು ಬಂತು. ಕನ್ನಡ ನೆಲದಲ್ಲೇ ತಯಾರಾದ ಚುರುಕು ಚಿಕ್ಕ ಕಾರು ಅದು. ಆದರೆ ಕೇಂದ್ರದ 2006ರ ಬಜೆಟ್ ಒಂದು ಗೆರೆ ಎಳೆದಿತ್ತು: ಪೆಟ್ರೋಲ್ ಕಾರುಗಳ ಪೈಕಿ ನಾಲ್ಕು ಮೀಟರ್ ಮೀರದ, 1,200 ಸಿಸಿ ದಾಟದವಕ್ಕಷ್ಟೇ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿದಿತ್ತು. ಹೀಗಾಗಿ, ಉದ್ದ ನಾಲ್ಕು ಮೀಟರ್ ಮೀರದಿದ್ದರೂ ಸ್ಪೋರ್ಟಿವೊ ಚಿಕ್ಕ ಕಾರುಗಳ ಸಾಲಿನಿಂದ ಹೊರಬಿತ್ತು. ಈ ಗೆರೆಯ ಬಲ ಸ್ವಿಫ್ಟ್‌ನಲ್ಲೂ ಕಾಣುತ್ತದೆ. 2005ರಲ್ಲಿ 1,298 ಸಿಸಿಯೊಂದಿಗೆ ಬಂದಿದ್ದ ಅದು 2010ರಲ್ಲಿ 1,197ಕ್ಕೆ ಇಳಿಯಿತು. ಜಪಾನಿನಲ್ಲಿ 2005ರಿಂದಲೇ ಓಡಿದ 1.6 ಲೀಟರಿನ ಸ್ವಿಫ್ಟ್ ಸ್ಪೋರ್ಟ್ ನಮ್ಮ ಶೋರೂಮಿಗೆ ಬರಲೇ ಇಲ್ಲ.

ಸಿಸಿ ಎಂಥ ಕೆಟ್ಟ ಅಳತೆಗೋಲು ಎಂಬುದನ್ನು 2017ರ ಬಲೆನೊ ಆರ್‌ಎಸ್ ತೋರಿಸಿತು. ಬರೀ 998 ಸಿಸಿ, ಆದರೆ ಟರ್ಬೊ ಬಲದಿಂದ 102 ಅಶ್ವಶಕ್ತಿ! 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರಗಳಲ್ಲೂ ಅದೇ ಗೆರೆ ಉಳಿದು, ಇಂಥ ಕಾರಿಗೆ ಶೇ 18, ಅದಕ್ಕಿಂತ ಕಡಿಮೆ ಶಕ್ತಿಯ 1,496 ಸಿಸಿ ಕಾರಿಗೆ ಶೇ 40. ಇದರಲ್ಲಿ ನ್ಯಾಯ ಎಲ್ಲಿದೆ? ಚಿಕ್ಕ ಕಾರಿನ ರಿಯಾಯಿತಿ ಆಗಲೂ ಇತ್ತು, ಆದರೂ ಆರ್‌ಎಸ್ 2020ರಲ್ಲಿ ನಿಂತುಹೋಯಿತಲ್ಲ ಎನ್ನಬಹುದು. ನಿಜ, ತೆರಿಗೆ ಇಳಿದ ಮಾತ್ರಕ್ಕೆ ಕೊಳ್ಳುವವರು ಹುಟ್ಟುವುದಿಲ್ಲ. ಆದರೆ ಕೊಳ್ಳಲು ಬಂದವನನ್ನು ತಪ್ಪು ಲೆಕ್ಕದಿಂದ ವಾಪಸು ಕಳಿಸುವುದು ಬೇರೆ ಮಾತು.

ಮೇಲೂರಿನಿಂದ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿಬರುವ ಕುಟುಂಬಕ್ಕೆ ಇಂಥ ಕಾರು ಯಾಕೆ, ವೇಗವೇ ಅಲ್ಲವೇ ಜೀವ ತೆಗೆಯುವುದು ಎಂಬ ಆಕ್ಷೇಪ ಹೆಚ್ಚು ತೂಕದ್ದು. ವೇಗಕ್ಕೆ ಕಡಿವಾಣ ಬೇಕೇ ಬೇಕು, ಆ ಕೆಲಸ ಪೊಲೀಸರದು. ಆದರೆ ಇಂಥ ಕಾರುಗಳಲ್ಲಿ ಎಂಜಿನ್ನಿನ ಜೊತೆ ಬ್ರೇಕೂ ಸುಧಾರಿಸುತ್ತದೆ. ಮಾಮೂಲಿ ಬಲೆನೊದ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇದ್ದರೆ ಆರ್‌ಎಸ್‌ನ ನಾಲ್ಕೂ ಚಕ್ರಕ್ಕೆ ಡಿಸ್ಕ್ ಇತ್ತು. ತಿರುವಿನಲ್ಲಿ ಹಸುವೋ ಟ್ರ್ಯಾಕ್ಟರೋ ಅಡ್ಡ ಬಂದಾಗ ಅದರ ಬೆಲೆ ಹಳ್ಳಿರಸ್ತೆಯಲ್ಲಿ ಓಡಾಡುವವರಿಗೆ ಗೊತ್ತು. ಚಿಕ್ಕ ಕಾರಿಗೆ ರಿಯಾಯಿತಿ ಇರಲಿ, ಅದು ಮಧ್ಯಮ ವರ್ಗದ ಹಕ್ಕು. ಅಳತೆಗೋಲು ಮಾತ್ರ ಬದಲಾಗಲಿ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದನ್ನು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಗಳು ಈಗಾಗಲೇ ಅಳೆದು ಪ್ರಮಾಣಪತ್ರ ಕೊಡುತ್ತಿವೆ. ಸಿಸಿಯ ಜಾಗದಲ್ಲಿ ಆ ಅಂಕಿಯನ್ನು ತೆರಿಗೆ ಪಟ್ಟಿಗೆ ತರಲಿ.